ಅತ್ತೆಯ ಎದೆಯುರಿ ಮತ್ತು ಎರಡನೇ ಪಾಳಿ

ಇವತ್ತು ಮುಂಜಾನೆ ಮಂಜು ಅಡುಗೆಮನೆಯ ಕಟ್ಟೆಗೆ ಆತುಕೊಂಡು ನಿಂತು, ಬಾಟಲಿಯ ಮುಚ್ಚಳಕ್ಕೆ ಗುಲಾಬಿ ಬಣ್ಣದ ಔಷಧ ಸುರಿದುಕೊಂಡು ಕುಡಿದ. ಪುದೀನ ಮತ್ತು ಸುಣ್ಣ ಕೂಡಿಸಿ ಕಲಸಿದಂಥ ವಾಸನೆ ಬಂತು. ಕುಡಿದವನು ಮುಖ ಕಿವಿಚಿ, ಎದೆಯ ನಡುವೆ ಹೆಬ್ಬೆರಳಿನಿಂದ ಒತ್ತಿಕೊಂಡ. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹಾಗೆ ಒತ್ತಿಕೊಳ್ಳುವುದನ್ನು ನಾನು ಮೊದಲು ನೋಡಿದ್ದು ಅರವತ್ತು ವರ್ಷಗಳ ಹಿಂದೆ, ದಾಂಡೇಲಿಯಲ್ಲಿ.

"ಏನಪಾ ಅದು?" ಎಂದೆ.

"ಆ್ಯಸಿಡಿಟಿ ಅಜ್ಜಿ. ನಿಮ್ಮ ಕಾಲದಾಗ ಇದೆಲ್ಲಾ ಇರ್ಲಿಲ್ಲ ಬಿಡು. ನೀವು ಗಟ್ಟಿ ರೊಟ್ಟಿ ತಿಂದ ಮಂದಿ," ಅಂದವನೇ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದ.

ಇರಲಿಲ್ಲವಂತೆ! ಉತ್ತರ ನನ್ನ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ನನಗೆ ಎದುರಿಗೆ ಹೇಳಲು ಬರುವುದಿಲ್ಲ, ಮೊಮ್ಮಕ್ಕಳೇ, ನಿಮಗೆ ಗೊತ್ತು. ನನ್ನ ತವರೂರು ಚಿಗಳ್ಳಿಯ ಸಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ನಾನು ಎದ್ದು ನಿಂತು ಹೇಳಿದವಳಲ್ಲ. ಪಾಟಿಯ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆ. "ಈ ಹುಡುಗಿಗೆ ಬಾಯಿ ಇಲ್ಲ, ಬಳಪ ಐತಿ," ಎನ್ನುತ್ತಿದ್ದರು. ಮುಂಡಗೋಡದಿಂದ ನಾಲ್ಕು ದಿನ ಇದ್ದು ಹೋಗಲೆಂದು ಹಳಿಯಾಳಕ್ಕೆ, ನಿಮ್ಮೆಲ್ಲರಲ್ಲಿ ಹಿರಿಯವನಾದ ಮಂಜುವಿನ ಮನೆಗೆ ಬಂದಿದ್ದೇನೆ. ಅವನೂ ಅವನ ಹೆಂಡತಿ ಸವಿತಾಳೂ ಕೆಲಸಕ್ಕೆ ಹೋದ ಮೇಲೆ ಮನೆ ಸುಮ್ಮನಾಗುತ್ತದೆ. ಅವನ ಮೇಜಿನ ಮೇಲೆ ಒಂದು ಖಾಲಿ ನೋಟುಬುಕ್ಕು ಸಿಕ್ಕಿತು. ಮಕ್ಕಳೇ, ನನಗೆ ಬಳಪ ಸಿಕ್ಕಂತಾಯಿತು.

ಆಗ ನಾನು ಮದುವೆಯಾಗಿ ದಾಂಡೇಲಿಗೆ ಹೊಸದಾಗಿ ಬಂದಿದ್ದೆ. ನಿಮ್ಮ ಅಜ್ಜ ಕಾಗದದ ಮಿಲ್ಲಿನಲ್ಲಿ ಯಂತ್ರದ ಮುಂದೆ ನಿಲ್ಲುವ ಕೆಲಸಗಾರ. ಸಾಲಾಗಿ ಕಟ್ಟಿದ ಮನೆಗಳಲ್ಲಿ ನಮ್ಮದೊಂದು, ಎರಡು ಖೋಲಿ. ಗಾಳಿ ಈ ಕಡೆ ತಿರುಗಿದರೆ ಬಿದಿರು ಬೇಯುವ ವಾಸನೆ ಒಣಹಾಕಿದ ಸೀರೆಗೂ ಹತ್ತುತ್ತಿತ್ತು. ಚಿಗಳ್ಳಿಯಲ್ಲಿ ಹೊತ್ತು ತಿಳಿಯಲು ನಾವು ನೆರಳು ನೋಡುತ್ತಿದ್ದೆವು. ಇಲ್ಲಿ ಸೈರನ್ನಿನಂಥ ಭೋಂಗಾ ಕೂಗುತ್ತಿತ್ತು. ಮಿಲ್ಲಿನ ಭೋಂಗಾ ಕೂಗಿತೆಂದರೆ ಒಂದು ಪಾಳಿಯವರು ಒಳಗೆ, ಇನ್ನೊಂದು ಪಾಳಿಯವರು ಹೊರಗೆ. ಮೊದಲ ಸಲ ಅದನ್ನು ಕೇಳಿದಾಗ ನಾನು ಕೊಡ ಕೆಳಗಿಟ್ಟು ಕೈಮುಗಿದಿದ್ದೆ, ಯಾವುದೋ ಗುಡಿಯ ಕಹಳೆ ಎಂದುಕೊಂಡು. ಪಕ್ಕದ ಮನೆಯ ಫಾತಿಮಾಬಿ ಅದನ್ನು ನೋಡಿಬಿಟ್ಟಳು. ಮುಂದೆ ಎಷ್ಟೋ ವರ್ಷ ಭೋಂಗಾ ಕೂಗಿದಾಗಲೆಲ್ಲ "ಏ ಸೊಸಿ, ನಿನ್ನ ದೇವರು ಕರೀಲಿಕತ್ತೈತಿ!" ಎಂದು ಗೋಡೆಯ ಆಚೆಯಿಂದ ಕೂಗುವಳು.

ಮನೆಯಲ್ಲಿ ನಾವು ಮೂವರು. ನಿಮ್ಮ ಅಜ್ಜ, ನಾನು ಮತ್ತು ಅತ್ತೆ. ಅತ್ತೆ ಹಳಿಯಾಳದ ಹತ್ತಿರದ ಹಳ್ಳಿಯವರು. ಮಾವ ಹೊಟ್ಟೆನೋವಿನಿಂದ ತೀರಿಕೊಂಡ ಮೇಲೆ ಹೊಲವನ್ನು ಮೈದುನನ ಕೈಗೆ ಒಪ್ಪಿಸಿ, ಒಬ್ಬನೇ ಮಗನ ಜೊತೆ ಬಂದಿದ್ದರು. ಬರುವಾಗ ಲಿಂಗಪೂಜೆಯ ಸಾಮಾನು, ಒಂದು ಬೀಸುಕಲ್ಲು ಮತ್ತು ಕೆಂಪು ಚಟ್ನಿಯ ಭರಣಿ ತಂದಿದ್ದರು. ಆ ಚಟ್ನಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಹಣ್ಣಾದ ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು. ಎಲ್ಲವನ್ನೂ ಒರಳಿಗೆ ಹಾಕಿ ಅವರೇ ಅರೆಯಬೇಕು. ನಾನು ಅರೆದರೆ "ಖಾರ ಐತಿ, ಜೀವ ಇಲ್ಲ," ಎನ್ನುತ್ತಿದ್ದರು. ಬಿಸಿ ರೊಟ್ಟಿಯ ಮೇಲೆ ಬೆರಳಿನಷ್ಟು ಸವರಿ, ಮೇಲೆ ಎಣ್ಣೆ ಬಿಟ್ಟುಕೊಂಡು ತಿಂದರೆ ಕಿವಿಯಿಂದ ಹೊಗೆ ಬರುತ್ತಿತ್ತು. ಆದರೂ ಇನ್ನೊಂದು ರೊಟ್ಟಿ ಬೇಕೆನಿಸುತ್ತಿತ್ತು.

ಅತ್ತೆಗೆ ಒಂದು ನೇಮವಿತ್ತು. ಮಗ ಉಣ್ಣದೆ ತಾವು ಉಣ್ಣುವುದಿಲ್ಲ. ಹಳ್ಳಿಯಲ್ಲಿ ಇದೇನು ಕಷ್ಟದ ನೇಮವಲ್ಲ. ಗಂಡಸರು ಹೊಲದಿಂದ ಹೊತ್ತು ಮುಳುಗುವಾಗ ಬರುತ್ತಾರೆ, ಕಾಲು ತೊಳೆದು ಉಣ್ಣುತ್ತಾರೆ, ಹೆಂಗಸರು ಆಮೇಲೆ ಉಣ್ಣುತ್ತಾರೆ. ಮನೆಯೆಲ್ಲ ಒಂದು ತಾಸಿನ ಒಳಗೆ ಉಂಡು ಮುಗಿಸುತ್ತದೆ. ಆದರೆ ಮಿಲ್ಲಿಗೆ ಹೊತ್ತು ಮುಳುಗುವುದು ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಪಾಳಿ ಬದಲಾಗುತ್ತಿತ್ತು. ಎರಡನೇ ಪಾಳಿಯ ವಾರ ನಿಮ್ಮ ಅಜ್ಜ ಮಧ್ಯಾಹ್ನ ಎರಡಕ್ಕೆ ಹೋದರೆ ಬಿಡುವುದು ರಾತ್ರಿ ಹತ್ತಕ್ಕೆ. ಮನೆಗೆ ಬಂದು ಮೈ ತೊಳೆದು ಉಂಡು ಏಳುವ ಹೊತ್ತಿಗೆ ಹನ್ನೊಂದು. ಆಮೇಲೆ ಅತ್ತೆಯ ಊಟ: ಎರಡು ರೊಟ್ಟಿ, ಕೆಂಪು ಚಟ್ನಿ, ಅನ್ನ, ಹುಳಿ. ಉಂಡು ಕೈ ತೊಳೆದು ನೇರವಾಗಿ ಹಾಸಿಗೆಗೆ. ಅಲ್ಲಿಯವರೆಗೆ ಹಸಿವನ್ನು ಹೇಗೆ ತಡೆಯುತ್ತಿದ್ದರು ಎಂದರೆ, ಚಹಾ ಕುಡಿದು. ಸಂಜೆಯಿಂದ ನಾಲ್ಕು ಸಲ ಬೆಲ್ಲದ ಚಹಾ, ನಡುನಡುವೆ ಎಲೆ, ಅಡಿಕೆ, ಚಿಟಿಕೆ ತಂಬಾಕು.

ಹೀಗೆ ಎದೆಯುರಿ ಶುರುವಾಯಿತು. ಮಲಗಿದವರು ದಿಗ್ಗನೆ ಎದ್ದು ಕೂತು, ಗೋಡೆಗೆ ಒರಗಿ, ಹುಳಿನೀರು ಗಂಟಲಿಗೆ ಬಂತೆಂದು ಉಗುಳುವರು. ಬರಬರುತ್ತಾ ನುಂಗಿದ ತುತ್ತು ಎದೆಯಲ್ಲಿ ನಿಲ್ಲುತ್ತದೆ ಎನ್ನತೊಡಗಿದರು, ಮೈಯೂ ಇಳಿಯಿತು. ಮಾಡದ ಔಷಧ ಇಲ್ಲ. ಉರಿಗೆ ತಂಪು ಬೇಕೆಂದು ಲಿಂಬೆಹಣ್ಣಿನ ಪಾನಕ ಕುಡಿದರು. ಅದು ಬೆಂಕಿಗೆ ಎಣ್ಣೆ ಸುರಿದಂತಾಯಿತು. ತಿನ್ನುವ ಸೋಡಾ ನೀರಿಗೆ ಹಾಕಿ ಕುಡಿದರು. ಒಂದು ದೊಡ್ಡ ತೇಗು ಬಂದು ಅರ್ಧ ತಾಸು ಸುಖ, ಮತ್ತೆ ಮೊದಲಿನಂತೆಯೇ. ಕೊನೆಗೆ ದೇವರಿಗೇ ಹರಕೆ ಹೊತ್ತರು: ಗುಣವಾಗುವತನಕ ಪ್ರತಿ ಸೋಮವಾರ ಉಪವಾಸ. ದಿನವಿಡೀ ಬರೀ ಚಹಾ ಮತ್ತು ಹುರಿದ ಶೇಂಗಾ, ರಾತ್ರಿ ಪೂಜೆ ಮುಗಿದ ಮೇಲೆ ಎರಡು ದಿನದ ಊಟ ಒಟ್ಟಿಗೆ. ಮಂಗಳವಾರ ಅವರ ಮುಖ ನೋಡಲಾಗುತ್ತಿರಲಿಲ್ಲ.

ಒಂದು ದಿನ ರೊಟ್ಟಿ ಬಡಿಯುತ್ತಾ ಇದ್ದಕ್ಕಿದ್ದಂತೆ ಅಂದರು: "ನಿಮ್ಮ ಮಾವಗೂ ಹಿಂಗ ಆಗಿತ್ತು. ನನ್ನ ಊರಿಗೆ ಬಿಟ್ಟು ಬರ್ರಿ. ಸಾಯೂದಾದ್ರ ನನ್ನ ಹೊಸ್ತಿಲ ಒಳಗ ಸಾಯ್ತೇನಿ, ಈ ಭೋಂಗಾ ಕೇಳಕೋತ ಅಲ್ಲ."

ಆಗ ನಿಮ್ಮ ಅಪ್ಪ ನನ್ನ ಹೊಟ್ಟೆಯಲ್ಲಿ ಐದು ತಿಂಗಳು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ನನ್ನ ಅವ್ವ ನಾನು ಒಂಬತ್ತು ವರ್ಷದವಳಿದ್ದಾಗಲೇ ಹೋಗಿದ್ದಳು. ಚಿಗಳ್ಳಿಯ ಮನೆಯಲ್ಲಿ ಇದ್ದವರು ಅಪ್ಪ, ಅಣ್ಣಂದಿರು ಮತ್ತು ತಮ್ಮ ತಮ್ಮ ಮಕ್ಕಳಲ್ಲೇ ಸುಸ್ತಾದ ಅತ್ತಿಗೆಯರು. "ಆಕಿ ಅಲ್ಲಿ ಯಾಕ ಹೋಗಬೇಕು? ನಾ ಇಲ್ಲೇನು?" ಎಂದು ಅತ್ತೆ ಮೊದಲೇ ಹೇಳಿ ಮುಗಿಸಿದ್ದರು. ಬಾಣಂತಿಯ ಲೇಹ್ಯಕ್ಕೆ ಏನೇನು ಬೇಕೆಂದು ಲೆಕ್ಕ ಹಾಕುತ್ತಿದ್ದರು, ಹಳೆ ಸೀರೆ ಹರಿದು ದುಪ್ಪಟಿ ಹೊಲಿಯುತ್ತಿದ್ದರು. ನನಗೆ ಎರಡನೆಯ ಸಲ ಸಿಕ್ಕಿದ್ದ ತಾಯಿ ಅವರು. ಅವರೂ ಹೊರಟುಹೋದರೆ ನನಗೆ ಯಾರು?

ಮರುದಿನವೇ ನಿಮ್ಮ ಅಜ್ಜ ನಮ್ಮಿಬ್ಬರನ್ನೂ ಪೇಟೆಯ ಡಾಕ್ಟರರ ಹತ್ತಿರ ಕರೆದೊಯ್ದರು. ವಯಸ್ಸಾದವರು, ಬೆಳಗಾವಿ ಕಡೆಯವರು. ಹೊಟ್ಟೆ ಒತ್ತಿ ನೋಡಿದರು, ನಾಲಿಗೆ ನೋಡಿದರು, ಆಮೇಲೆ ಯಾರೂ ಕೇಳದಿದ್ದ ಒಂದು ಪ್ರಶ್ನೆ ಕೇಳಿದರು.

"ಬಾಯಾರ, ಊಟ ಯಾವಾಗ ಮಾಡ್ತೀರಿ?"

"ಮಗ ಉಂಡ ಮ್ಯಾಲೆ."

"ಮಗ ಯಾವಾಗ ಉಣ್ತಾನ?"

"ಅದನ್ನ ಮಿಲ್ಲಿನವರನ್ನ ಕೇಳ್ರಿ."

ಡಾಕ್ಟರರು ಪೆನ್ನು ಕೆಳಗಿಟ್ಟರು. ಹೆದರುವಂಥದ್ದು ತಮಗೆ ಏನೂ ಕಾಣುವುದಿಲ್ಲ ಎಂದರು. ಹೊಟ್ಟೆ ಖಾಲಿ ಇಡಬಾರದು, ಒಮ್ಮೆಲೇ ತುಂಬಲೂಬಾರದು. ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ ಉಣ್ಣಬೇಕು. ರಾತ್ರಿ ಊಟ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಉಂಡು ಮೂರು ತಾಸು ಮಲಗಬಾರದು. ಖಾರ, ಹುಣಸೆ, ಕರಿದದ್ದು, ತಂಬಾಕು, ಬರೀ ಹೊಟ್ಟೆಯ ಚಹಾ ಬಿಡಬೇಕು. ಮಂಚದ ತಲೆಯ ಕಡೆ ಎರಡು ಇಟ್ಟಂಗಿ ಇಟ್ಟು ಎತ್ತರಿಸಬೇಕು. ತೂಕ ಮತ್ತೂ ಇಳಿದರೆ, ನುಂಗುವುದು ಇನ್ನೂ ಕಷ್ಟವಾದರೆ, ವಾಂತಿಯಲ್ಲಿ ರಕ್ತ ಕಂಡರೆ ಮಾತ್ರ ಒಂದು ದಿನವೂ ತಡಮಾಡದೆ ಬರಬೇಕು, ಹುಬ್ಬಳ್ಳಿಗೆ ಕಳಿಸುತ್ತೇನೆ ಎಂದರು. ಒಂದು ಬಿಳಿ ಪುಡಿಯನ್ನೂ ಕೊಟ್ಟರು.

ಹೊರಗೆ ಬಂದು ಅತ್ತೆ ಹೇಳಿದ್ದು ಒಂದೇ ಮಾತು: "ಖಾರ ಬಿಡಬಹುದು. ಎಲಿ ಬಿಡಬಹುದು. ಮಗ ದುಡಿಯಾಕ ನಿಂತಾಗ ನಾ ಕುಂತು ಉಣ್ಣೂದು? ಅದು ಆಗೂದಿಲ್ಲ. ಆ ಡಾಕ್ಟರಗ ತಾಯಿ ಇಲ್ಲೇನು?"

ಪುಡಿ ತಿಂದರು, ಖಾರ ಬಿಡಲಿಲ್ಲ. ಮಂಚದ ಕೆಳಗೆ ನಿಮ್ಮ ಅಜ್ಜ ಇಟ್ಟಂಗಿಯ ಬದಲು ಎರಡು ಸಾಗವಾನಿ ತುಂಡು ಇಟ್ಟರು. "ನನ್ನ ಗುಡ್ಡಾ ಏರಿಸ್ಯಾರ," ಎಂದು ಅತ್ತೆ ಓಣಿಗೆಲ್ಲ ಸಾರಿದರು. ಬೆಳಗಾಗುವ ಹೊತ್ತಿಗೆ ಜಾರಿ ಕಾಲ್ದೆಸೆಯಲ್ಲಿ ಮುದುರಿಕೊಂಡಿರುತ್ತಿದ್ದರು.

ನಾನು ಬಾಯಿ ಬಿಡಲಿಲ್ಲ. ಆದರೆ ಒಲೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕತೊಡಗಿದೆ. ಉರಿ ಬಂದ ದಿನಕ್ಕೆ ಒಂದು ಗೀಟು, ಎದ್ದು ಕೂತ ದಿನಕ್ಕೆ ಎರಡು. ಆರು ವಾರ ಹಾಕಿದೆ. ಆಮೇಲೆ ಅದರ ಕೆಳಗೆ ಪಾಳಿ ಬರೆದೆ. ನೋಡಿದರೆ, ಎರಡನೇ ಪಾಳಿಯ ವಾರಗಳೆಲ್ಲ ಬೇಲಿ ಹಾಕಿದಂತೆ ಗೀಟುಗಳಿಂದ ತುಂಬಿದ್ದವು. ಬೇರೆ ವಾರಗಳಲ್ಲಿ ಅಲ್ಲೊಂದು ಇಲ್ಲೊಂದು. ಸೋಮವಾರ ಮಾತ್ರ ಯಾವ ಪಾಳಿಯಿರಲಿ, ಎರಡೆರಡು. ಇದು ಮಾವನ ರೋಗವಲ್ಲ. ಸಾಯುವ ರೋಗವಾಗಿದ್ದರೆ ಪಾಳಿ ನೋಡಿಕೊಂಡು ಬರುತ್ತಿತ್ತೇ?

ಆದರೆ ಅತ್ತೆಗೆ ಓದಲು ಬಾರದು. ಈ ಸಲ ಪಾಟಿ ಎತ್ತಿ ತೋರಿಸಿದರೆ ಆಗುವಂತಿರಲಿಲ್ಲ. ಹೇಳಬೇಕಿತ್ತು.

ಎರಡು ದಿನ ಮಾತು ಕೂಡಿಸಿಕೊಂಡೆ. ಎರಡನೇ ಪಾಳಿಯ ವಾರ ಅದು. ಬಸುರಿಯೆಂದು ನನಗೆ ಮಾತ್ರ ಸಂಜೆಯೇ ಊಟ ಹಾಕುತ್ತಿದ್ದರು. ಬಸುರಿ ಹಸಿದಿರಬಾರದು ಎಂಬುದೂ ಅವರದೇ ನೇಮ. ಆ ಸಂಜೆ ತಾಟು ಮುಂದಿಟ್ಟರು. ನಾನು ಕೈ ಹಾಕಲಿಲ್ಲ.

"ಯಾಕ, ಸೇರವಲ್ದೇನು?"

"ನೀವೂ ಕುಂದರ್ರಿ, ಅತ್ತಿ."

"ನಾ ಆಮ್ಯಾಲೆ."

"ಹಂಗಾರ ನಾನೂ ಆಮ್ಯಾಲೆ. ಅತ್ತಿ ಉಣ್ಣದ ಸೊಸಿ ಉಣ್ಣಬಾರದು ಅಂತ ನಮ್ಮ ಮನ್ಯಾಗ ಕಲಿಸ್ಯಾರ್ರಿ."

ಮಾತು ಹೊರಗೆ ಬಂದೇ ಬಂತು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಬಾಬಾಬಾ! ಬಾಯಿ ಸತ್ತ ಹುಡುಗಿ ಅಂತ ಚಿಗಳ್ಳಿತನ ಹೋಗಿ ಆರಿಸಿ ತಂದೆ ನಿನ್ನ. ಯಾವಾಗ ಹುಟ್ಟಿತವ್ವಾ ಈ ಬಾಯಿ?"

"ನೀವು ಊರಿಗೆ ಹೋಗ್ತೇನಿ ಅಂದ ದಿವಸರಿ."

ಅವರು ತಾಟಿಗೆ ಮುಚ್ಚಳ ಮುಚ್ಚಿ ಆಚೆ ಕೂತರು. ನಾನು ಈಚೆ ಕೂತೆ. ಇಬ್ಬರ ನಡುವೆ ಮುಚ್ಚಿದ ತಾಟು. ಮಗ ಉಣ್ಣದೆ ತಾಯಿ ಉಣ್ಣುವಂತಿಲ್ಲ, ಅತ್ತೆ ಉಣ್ಣದೆ ಸೊಸೆ ಉಣ್ಣುವಂತಿಲ್ಲ, ಬಸುರಿ ಹಸಿದಿರುವಂತಿಲ್ಲ. ಮೂರೂ ಹಿರಿಯರೇ ಹಾಕಿಕೊಟ್ಟ ನೇಮಗಳು, ಒಂದರ ಕಾಲಿಗೆ ಒಂದು ತೊಡರಿಕೊಂಡು ಬಿದ್ದಿದ್ದವು. ನನ್ನ ಹೊಟ್ಟೆ ಗುರ್ ಎಂದಿತು. ನಾಚಿಕೆಯಿಂದ ಸತ್ತೆ, ಆದರೆ ಏಳಲಿಲ್ಲ.

ಅಷ್ಟರಲ್ಲಿ ಮೊಸರಿನ ಹೆಪ್ಪು ಕೇಳಲು ಫಾತಿಮಾಬಿ ಬಂದಳು. ನಮ್ಮಿಬ್ಬರನ್ನೂ ತಾಟನ್ನೂ ನೋಡಿ ವಿಷಯ ಕೇಳಿಕೊಂಡಳು. ಕೇಳಿ ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

"ಯವ್ವಾ, ನಾವೂ ರೋಜಾ ಉಪವಾಸ ಹಿಡೀತೇವಿ. ಹೊತ್ತು ಮುಳುಗಿದ ಕೂಡ್ಲೆ ಬಿಡ್ತೇವಿ. ನಿಮ್ಮ ರೋಜಾ ಬಿಡಾಕ ಭೋಂಗಾನ ಹೊಡೀಬೇಕೇನು? ಅದೂ ಹೊಟ್ಟಿಯೊಳಗಿನ ಕೂಸಿನ ಕಡಿಂದ ಹಿಡಿಸೀರಿ! ಸಣ್ಣ ಹುಡುಗರಿಗೆ ನಮ್ಮ ಅಲ್ಲಾಹುನೂ ಬಿಟ್ಟಾನ."

ಅತ್ತೆಗೆ ನಗೆ ಬಂತು. ತಡೆಯಲು ನೋಡಿದರು, ಆಗಲಿಲ್ಲ. ಆದರೂ ಆ ಸಂಜೆ ಉಣ್ಣಲಿಲ್ಲ. ನನಗೊಂದು ಲೋಟ ಹಾಲು ಕುಡಿಸಿ, ತಾವೂ ಅರ್ಧ ಲೋಟ ಕುಡಿದರು. ಹಾಲು ಊಟವಲ್ಲ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು.

ಮರುದಿನ ಮಗನ ಮುಂದೆ ದೂರು ಹೋಯಿತು. "ಬಸ್ಯಾ, ನಿನ್ನ ಹೇಣ್ತಿ ಉಪವಾಸ ಕುಂತಾಳ. ನಂಗ ಪಾಪ ಹತ್ತಸಾಕ!" ನಿಮ್ಮ ಅಜ್ಜ ಮಾತಿನವರಲ್ಲ. ಬಹಳ ಹೊತ್ತು ತಲೆ ಕೆರೆದುಕೊಂಡು ಅಂದರು: "ಯವ್ವಾ, ಸಂಜಿ ಐದೂವರಿಗೆ ಆಫೀಸಿನವರನ್ನ ಬಿಡೂ ಭೋಂಗಾ ಆಗತೈತಲ್ಲ? ನನಗ ಬುತ್ತಿ ಕಟ್ಟಿಕೊಡ್ರಿ. ಆ ಭೋಂಗಾಕ್ಕ ನಾ ಅಲ್ಲಿ ಬುತ್ತಿ ಬಿಚ್ಚತೇನಿ. ನೀವು ಇಲ್ಲಿ ಉಣ್ರಿ. ಒಂದ ಹೊತ್ತಿಗೆ ಉಂಡಂಗಾತು."

"ಬಿಚ್ಚತೇನಿ ಅಂತ ಆಣಿ ಮಾಡು."

"ಆಣಿ ಯಾಕಬೇ? ಹಸದಾಂವ ಬಿಚ್ಚದ ಇರ್ತಾನೇನು?"

ಅಂದು ಸಂಜೆ ಐದೂವರೆಯ ಭೋಂಗಾ ಕೂಗಿದಾಗ ಅತ್ತೆ ಬಾಗಿಲಿಗೆ ಹೋಗಿ ಮಿಲ್ಲಿನ ಕಡೆ ನೋಡಿದರು. "ಈಗ ಗಂಟು ಬಿಚ್ಚಿರತಾನ," ಎಂದರು. ಒಂದು ಗಳಿಗೆ ಬಿಟ್ಟು, "ಈಗ ಮೊದಲನೇ ತುತ್ತು," ಎಂದರು. ಆಮೇಲೆ ನನ್ನ ಎದುರು ಕೂತು ಉಂಡರು.

ಅಡುಗೆ ನಾನು ಮಾಡಿದ್ದೆ. ಮೆತ್ತಗಿನ ಅನ್ನ, ಹೆಸರುಬೇಳೆಯ ತೊವ್ವೆ, ಹೀರೇಕಾಯಿಯ ಪಲ್ಯ, ಹುಳಿಯಾಗದ ಮಜ್ಜಿಗೆ. ಮೂರು ತುತ್ತಿಗೆ ಮೋರೆ ತಿರುವಿದರು. "ಇದು ಊಟ ಅಲ್ಲ, ದವಾಖಾನಿ." ಆದರೂ ಉಂಡರು. ಒಂಬತ್ತಕ್ಕೆ ಒಂದು ಬಾಳೆಹಣ್ಣು, ಬೆಳಿಗ್ಗೆ ಚಹಾಕ್ಕೆ ಮುಂಚೆ ಅರ್ಧ ರೊಟ್ಟಿ ಅಥವಾ ಜೋಳದ ಗಂಜಿ. ಯಾವುದು ಅವರಿಗೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಗೋಡೆಯೇ ಹೇಳುತ್ತಿತ್ತು. ಮೆಂತ್ಯೆಸೊಪ್ಪು ಆಗುತ್ತಿತ್ತು, ಹಸಿ ಉಳ್ಳಾಗಡ್ಡಿ ಆಗುತ್ತಿರಲಿಲ್ಲ. ಪಕ್ಕದ ಮನೆಯವರಿಗೆ ಆದದ್ದು ನಮಗೆ ಆಗಲೇಬೇಕೆಂದಿಲ್ಲ, ಇದನ್ನು ನೆನಪಿಡಿ. ಒಬ್ಬೊಬ್ಬರ ಹೊಟ್ಟೆ ಒಂದೊಂದು. ರಾತ್ರಿ ಮಗ ಬರುವ ತನಕ ಅತ್ತೆ ಗೋಡೆಗೆ ಒರಗಿ ಕೂತು ದುಪ್ಪಟಿ ಹೊಲಿಯುತ್ತಿದ್ದರು. ಮಗ ಬಂದು ಒಂದಿಷ್ಟು ಉಣ್ಣುವಾಗ ಎದುರು ಕೂತು ಬಡಿಸುತ್ತಿದ್ದರು. ಹೀಗಾಗಿ ಉಂಡು ಮಲಗುವ ಮಾತೇ ಉಳಿಯಲಿಲ್ಲ.

ಇನ್ನು ಕೆಂಪು ಚಟ್ನಿ. ಡಾಕ್ಟರರಿಗಾಗಿ ಬಿಡದಿದ್ದನ್ನು ಅವರು ಶಿವನಿಗಾಗಿ ಬಿಟ್ಟರು. ಒಂದು ಸೋಮವಾರ ಪೂಜೆಗೆ ಕೂತವರು, ಉಪವಾಸದ ಬದಲು ಕೂಸು ಹುಟ್ಟುವತನಕ ಕೆಂಪು ಚಟ್ನಿ ಮುಟ್ಟುವುದಿಲ್ಲವೆಂದು ಹರಕೆಯನ್ನೇ ಬದಲಿಸಿಕೊಂಡರು. "ಅಂವ ಒಪ್ಪಿದನೇನ್ರಿ?" ಎಂದು ಕೇಳಿದೆ. "ಒಪ್ಪದ ಏನ್ಮಾಡ್ತಾನ? ಉಪವಾಸಕ್ಕಿಂತ ಇದು ದೊಡ್ಡದು," ಎಂದರು. ನಿಜ. ತಂಬಾಕು ಮಾತ್ರ ಪೂರ್ತಿ ಬಿಡಲಿಲ್ಲ. ಬೀಸುಕಲ್ಲಿನ ಹಿಂದೆ ಒಂದು ಪುಡಿಕೆ ಇರುತ್ತಿತ್ತು. ನಾನು ಕಂಡರೂ ಕಾಣದವಳಂತೆ ಕಸ ಗುಡಿಸುತ್ತಿದ್ದೆ.

ಎರಡು ತಿಂಗಳಲ್ಲಿ ಗೋಡೆಯ ಮೇಲೆ ಒಂದು ಇಡೀ ವಾರ ಖಾಲಿ ಉಳಿಯಿತು. ಅತ್ತೆಯ ಕೆನ್ನೆ ತುಂಬಿತು. ಊರಿನ ಮಾತು ಮತ್ತೆ ಬರಲಿಲ್ಲ. ನಿಮ್ಮ ಅಪ್ಪ ಹುಟ್ಟಿದ ದಿನ ಮುಂಜಾನೆಯಿಂದ ಸಂಜೆಯವರೆಗೆ ಅವರು ನನ್ನ ಬೆನ್ನಿಗೆ ತಮ್ಮ ಎದೆ ಕೊಟ್ಟು ಕೂತಿದ್ದರು. ನಾನು ಬೇನೆಗೆ ಹಿಂದಕ್ಕೆ ಒರಗಿ ಒತ್ತಿದಷ್ಟೂ ಆ ಎದೆ ಕದಲಲಿಲ್ಲ. ಮುಂದೆ ಇಪ್ಪತ್ತೆರಡು ವರ್ಷ ಬದುಕಿದರು, ಹೊಟ್ಟೆಗೆ ಸಂಬಂಧವೇ ಇಲ್ಲದ ಕಾರಣಕ್ಕೆ ಹೋದರು.

ನಿಮ್ಮ ಅಜ್ಜ ಕೆಲಸದಿಂದ ನಿವೃತ್ತರಾದ ಮೇಲೆ ಒಂದು ದಿನ ಚಹಾ ಕುಡಿಯುತ್ತಾ ತಾವಾಗಿಯೇ ಹೇಳಿದರು: "ಐದೂವರಿಗೆ ನಾ ಒಂದು ದಿವಸಾನೂ ಬುತ್ತಿ ಬಿಚ್ಚಿಲ್ಲ. ಆ ಹೊತ್ತಿಗೆ ಮಷಿನ್ ಬಿಟ್ಟು ಬರಾಕ ಆಗತಿರಲಿಲ್ಲ. ಎಂಟಕ್ಕೋ ಒಂಬತ್ತಕ್ಕೋ ತಿಂತಿದ್ದೆ. ಅವ್ವಗ ಸುಳ್ಳು ಹೇಳಿದೆ."

"ನಂಗ ಗೊತ್ತಿತ್ರಿ," ಎಂದೆ. ಡಬ್ಬಿ ತೊಳೆಯುತ್ತಿದ್ದವಳು ನಾನಲ್ಲವೇ? ಐದೂವರೆಗೆ ಉಂಡ ಡಬ್ಬಿಯ ಅಗುಳು ಹನ್ನೊಂದರ ಹೊತ್ತಿಗೆ ಒಣಗಿ ಹತ್ತಿಕೊಂಡಿರಬೇಕು. ಇವರ ಡಬ್ಬಿ ಒಂದೇ ಸಲಕ್ಕೆ ತೊಳೆದು ಬರುತ್ತಿತ್ತು. ಅವರು ನಕ್ಕರು. ಆಮೇಲೆ ನಗೆ ನಿಲ್ಲಿಸಿ ನನ್ನನ್ನು ನೋಡಿದರು. ಬಾಣಂತನದ ಮೂರು ತಿಂಗಳು ಆ ಡಬ್ಬಿ ತೊಳೆದದ್ದು ಅತ್ತೆ ಎಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು.

ಇಷ್ಟು ಬರೆದು ಐದರ ಸುಮಾರಿಗೆ ಪೆನ್ನು ಕೆಳಗಿಟ್ಟಿದ್ದೆ. ಸಂಜೆ ಆರಕ್ಕೆ ಮಂಜು ಬಂದ. ಅವನ ಔಷಧದ ಚೀಟಿಯಲ್ಲಿ ಏನೇನು ತಿನ್ನಬಾರದು ಎಂಬ ಉದ್ದ ಪಟ್ಟಿಯಿದೆ. ಎಲ್ಲ ಸರಿಯಾಗಿಯೇ ಇದೆ. ನಾನು ಪಟ್ಟಿಯ ಗೊಡವೆಗೆ ಹೋಗಲಿಲ್ಲ. ನಿಂತ ಕಾಲ ಮೇಲೆ, ಎದುರಿಗೇ ಕೇಳಿದೆ: "ರಾತ್ರಿ ಎಷ್ಟಕ್ಕ ಉಣ್ತೀ?" ನನಗೆ ಏಳಕ್ಕೆ ಉಣಿಸಿ ಎಂಟಕ್ಕೆ ಮಲಗಿಸಿಬಿಡುತ್ತಾನೆ, ಹಾಗಾಗಿ ನಾನು ನೋಡಿರಲಿಲ್ಲ.

"ಸವಿತಾ ಬಂದ ಮ್ಯಾಲೆ ಅಜ್ಜಿ. ಆಕಿ ಬಸ್ಸಿನ ಕೊನೀ ಟ್ರಿಪ್ ಮುಗಿಸಿ, ಹಣಾ ಕಟ್ಟಿ ಬರೂದು ಹತ್ತಕ್ಕ. ದಿನಾ ನಿಂತು ನಿಂತು ಟಿಕೀಟ್ ಹರೀತಾಳ. ಮನಿಗೆ ಬಂದು ಒಬ್ಬಾಕೀನ ಉಣಬೇಕೇನು?"

ಹೆಂಡತಿಗಾಗಿ ಹಸಿದು ಕಾಯುವ ಗಂಡನನ್ನು ನಾನು ನೋಡಿದ್ದು ಇದೇ ಮೊದಲು. ಬೈಯಬೇಕೆಂದಿದ್ದ ಮಾತು ಬಿಟ್ಟೆ. ಆದರೂ ಏಳಕ್ಕೆ ತಾಟು ಹಾಕಿದೆ. "ಕಾಯಿ, ಬ್ಯಾಡ ಅನ್ನೂದಿಲ್ಲ. ಉಂಡು ಕಾಯಿ. ಆಕಿ ಉಣ್ಣೂಮುಂದ ಎದುರಿಗೆ ಕುಂದರು, ಸಾಕು," ಎಂದೆ. ಅವನು ನನ್ನನ್ನೇ ನೋಡಿದ, ಅಜ್ಜಿಗೆ ಇಷ್ಟು ದನಿ ಇದೆಯೇ ಎಂಬಂತೆ. ಕೂತು ಉಂಡ.

ಅವನು ಕೈ ತೊಳೆಯುವಾಗ ನನಗೆ ಹೊಳೆಯಿತು. "ಮತ್ತ ಸವಿತಾ? ಮಧ್ಯಾಹ್ನ ಹೊಂಟಾಕಿ ಹತ್ತರ ತನ ಏನು ತಿಂತಾಳ? ಆಕೀಗೆ ಉರಿಯೂದಿಲ್ಲೇನು?"

"ಇಲ್ಲ," ಎಂದ. ಕೈ ಒರೆಸಿ ಟವೆಲ್ಲು ಗೂಟಕ್ಕೆ ಹಾಕಿದ. "ಗೊತ್ತಿಲ್ಲ ಅಜ್ಜಿ. ಕೇಳಿಲ್ಲ."

ಇವತ್ತು ನಾನು ಎಂಟಕ್ಕೆ ಮಲಗುವುದಿಲ್ಲ. ಅವಳು ಬರಲಿ, ನಾನೇ ಕೇಳುತ್ತೇನೆ.